ನಲವತ್ತು ಗ್ರಾಂ

ಧಾರವಾಡ
೭ ಮಾರ್ಚ್ ೧೯೯೯, ರವಿವಾರ ಮಧ್ಯಾಹ್ನ

ಪ್ರೀತಿಯ ಸಿಲ್ವಿಯಾ ಅಕ್ಕಾ,

ಹೇಗಿದ್ದೀ? ವಾಂತಿ ನಿಂತಿತೇ? ಗುಂತಕಲ್ಲಿನಲ್ಲಿ ಈಗಲೇ ಬಿಸಿಲು ಹೊಡೆಯುತ್ತಿರಬೇಕು. ರೈಲ್ವೆ ಕ್ವಾರ್ಟರ್ಸಿನ ಆ ಕಾದ ಕೋಣೆಯಲ್ಲಿ ಮಧ್ಯಾಹ್ನ ಮಲಗಬೇಡ, ಹಿತ್ತಲ ಬಾಗಿಲು ತೆರೆದುಕೊಂಡು ಗಾಳಿಗೆ ಕೂಡು. ಐದನೇ ತಿಂಗಳಲ್ಲಿ ಕಾಲು ಬಾಯುವುದುಂಟು. ಮುಖ ಬಾತರೆ ಮಾತ್ರ ಮರುದಿನಕ್ಕೆ ಕಾಯದೆ ಡಾಕ್ಟರರ ಹತ್ತಿರ ಹೋಗು. ಶುರು ಮಾಡಿದಳು ನರ್ಸಬಾಯಿ ಎಂದು ನಗುತ್ತೀ, ಗೊತ್ತು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಅಪ್ಪನ ಎಡಗಣ್ಣಿನ ಪೊರೆ ತೆಗೆಸಿದ್ದಾಯಿತು. ಕಪ್ಪು ಕನ್ನಡಕ ಹಾಕಿಕೊಂಡೇ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಶಾಲೆಯಿಂದ ನಿವೃತ್ತಿಯಾದದ್ದು ಅವರಿಗೆ ಇನ್ನೂ ಗೊತ್ತಾದ ಹಾಗಿಲ್ಲ. ಅಮ್ಮ ಹುಣಸೆಹಣ್ಣು ಬಿಡಿಸಿ, ಒಣಗಿಸಿ, ಬಸುರಿ ಬಯಕೆ ಎಂದು ನಿನಗೊಂದು ಡಬ್ಬಿ ಬೇರೆ ತೆಗೆದಿಟ್ಟಿದ್ದಾಳೆ.

ನಿನ್ನ ಪತ್ರ ಬುಧವಾರ ಬಂತು. ಅಮ್ಮನಿಗೆ ಓದಿ ಹೇಳಿದವಳು ನಾನೇ. ಅರ್ಧದವರೆಗೆ ಅವಳು ನಗುತ್ತ ಕೇಳಿದಳು. ಆಮೇಲೆ ಆ ಸಾಲು ಬಂತು: ಈ ಕೂಸು ಹುಟ್ಟಿದ ಮೇಲೆ ನಾನು ಅದಕ್ಕೆ ನೀರು ಎರೆಯುವುದಿಲ್ಲ, ಬಟ್ಟೆ ಬದಲಿಸುವುದಿಲ್ಲ, ಎಲ್ಲ ಅತ್ತೆಯವರೇ ಮಾಡಲಿ, ಹಾಲು ಕುಡಿಸುವಷ್ಟು ಹೊತ್ತು ನನ್ನ ಹತ್ತಿರ ಕೊಟ್ಟರೆ ಸಾಕು, ನನ್ನ ಕೈ ಥಂಡಿ. ಮುಂದೆ ಓದಲಾಗಲಿಲ್ಲ ಅಕ್ಕಾ. ಕಣ್ಣಿಗೆ ಏನೋ ಬಿತ್ತೆಂದು ಎದ್ದು ಹೋದೆ. ನಾಲ್ಕು ದಿನದಿಂದ ಈ ಪತ್ರವನ್ನು ಮನಸ್ಸಿನಲ್ಲಿ ಬರೆದು ಅಳಿಸುತ್ತಿದ್ದೇನೆ. ಎರಡು ವರ್ಷಕ್ಕೂ ಮೇಲೆ ನಿನ್ನಿಂದ ಮುಚ್ಚಿಟ್ಟದ್ದನ್ನು ಇವತ್ತು ಬರೆಯುತ್ತೇನೆ. ಕೂತುಕೊಂಡು ಓದು.

ತೊಂಬತ್ತಾರರ ಡಿಸೆಂಬರಿನಲ್ಲಿ ನಿನ್ನ ಕೂಸು ದಿನ ತುಂಬುವ ಮೊದಲೇ ಹುಟ್ಟಿತಲ್ಲ, ಸೋಮವಾರದಿಂದ ನಮ್ಮ ವಾರ್ಡಿನ ಬೆಚ್ಚನೆಯ ಕೋಣೆಯಲ್ಲೇ ಇತ್ತು. ಎರಡು ಕಿಲೋ ತುಂಬುವವರೆಗೆ ಮನೆಗೆ ಬಿಡಬಾರದು ಎಂಬುದು ಅಲ್ಲಿಯ ನಿಯಮ. ಕ್ರಿಸ್ಮಸ್ಸಿಗೆ ಕೂಸು ಬೈರಿದೇವರಕೊಪ್ಪದ ಮನೆಯಲ್ಲಿರಲಿ ಎಂದು ನಿನ್ನ ಅತ್ತೆಯವರು ದಿನಾ ಹೇಳಿ ಕಳಿಸುತ್ತಿದ್ದರು. ನೇಥನ್ ಭಾವ ತೊಟ್ಟಿಲಿಗೆ ಬಣ್ಣ ಬಳಿದಿದ್ದರು. ನನಗೂ ಅದೇ ಆಸೆ. ಶನಿವಾರ ಬೆಳಗ್ಗೆ ಕೂಸನ್ನು ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದವಳು ನಾನು. ಒಂದು ಕಿಲೋ ಒಂಬೈನೂರಾ ಅರವತ್ತು ಗ್ರಾಂ. ಕೂಸು ಕಾಲು ಒದೆಯುತ್ತಿತ್ತೆಂದು ಮುಳ್ಳು ನಿಲ್ಲುವವರೆಗೆ ಕಾದು ಇನ್ನೊಮ್ಮೆ ನೋಡಿದೆ. ಅಷ್ಟೇ ಇತ್ತು.

ರಜಿಸ್ಟರಿನಲ್ಲಿ ತೂಕ ಬರೆಯುವಾಗ ದಶಮಾಂಶದ ಚುಕ್ಕೆಯ ನಂತರ ಒಂದೇ ಅಂಕಿ ಬರೆಯುವುದು ವಾರ್ಡಿನ ರೂಢಿ. ಅಪ್ಪ ನಮ್ಮಿಬ್ಬರಿಗೂ ಪಾಟಿಯ ಮೇಲೆ ಬರೆಸಿ ಕಲಿಸಿದ ಲೆಕ್ಕವೇ ಅದು: "ಕಡೀ ಅಂಕಿ ಐದಕ್ಕಿಂತ ಕಡಿಮಿ ಇದ್ರ ಬಿಟ್ಟಬಿಡು, ಐದು ಇಲ್ಲಾ ಹೆಚ್ಚಿಗಿ ಇದ್ರ ಹಿಂದಿನ ಮನಿಗೆ ಒಂದು ಕೂಡಸು." ೧.೯೬ರ ಕಡೆಯ ಆರು ಐದಕ್ಕಿಂತ ಹೆಚ್ಚು. ಒಂಬತ್ತಕ್ಕೆ ಒಂದು ಕೂಡಿಸಿದರೆ ಹತ್ತು. ೨.೦ ಎಂದು ಬರೆದೆ. ಲೆಕ್ಕ ತಪ್ಪಿರಲಿಲ್ಲ. ಅಪ್ಪ ನೋಡಿದ್ದರೆ ಸರಿ ಎಂದು ಗೀಟು ಹಾಕುತ್ತಿದ್ದರು. ಆದರೆ ಕೂಸು ಎರಡು ಕಿಲೋ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಡಾಕ್ಟರಬಾಯಿ ಬಂದವರು ರಜಿಸ್ಟರ್ ನೋಡಿ, ಎರಡು ಆಯಿತಲ್ಲ ಎಂದು ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕಿದರು. ನಲವತ್ತು ಗ್ರಾಂ ಕಡಿಮೆ ಇದೆ ಎಂದು ಬಾಯಿಂದಲಾದರೂ ಹೇಳಬಹುದಿತ್ತು. ಪಕ್ಕದಲ್ಲೇ ನಿಂತಿದ್ದೆ, ಹೇಳಲಿಲ್ಲ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆ ವಾರ ಎಂಥ ಚಳಿ ಬಿದ್ದಿತ್ತು. ಕ್ರಿಸ್ಮಸ್ಸಿನ ಬೆಳಗ್ಗೆ ಚರ್ಚಿಗೆ ಒಯ್ಯಬೇಕೆಂದು ನೀನು ಕೂಸಿಗೆ ನೀರು ಎರೆದೆ. ಸಂಜೆಗೆ ಅದು ಹಾಲು ಚೀಪುವುದನ್ನು ಬಿಟ್ಟಿತು, ಮರುದಿನ ಬೆಳಗ್ಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿತು. ಇನ್ನೂ ಹೆಸರಿಟ್ಟಿರಲಿಲ್ಲ. ನಮ್ಮ ರಜಿಸ್ಟರಿನಲ್ಲಿ ಇಂದಿಗೂ ಅದು "ಸಿಲ್ವಿಯಾಳ ಹೆಣ್ಣು ಕೂಸು" ಎಂದೇ ಇದೆ. ಮಣ್ಣು ಮಾಡಿ ಬಂದ ಮೇಲೆ ನಿನ್ನ ಅತ್ತೆಯವರು ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದರು, "ತಾಯಿ ಕೈನ ಥಂಡಿ ಇದ್ರ ಕೂಸಿಗೆ ಕಾವು ಎಲ್ಲಿಂದ ಬರಬೇಕ್ರಿ?" ಅವರೂ ಅಳುತ್ತಲೇ ಅಂದದ್ದು, ಅವರನ್ನೇನು ಅನ್ನಲಿ. ನೀನು ನಿನ್ನ ಎರಡೂ ಅಂಗೈ ನೋಡಿಕೊಂಡೆ. ನಾನು ಅಲ್ಲೇ ಇದ್ದೆ ಅಕ್ಕಾ. ನೀರಿನ ತಂಬಿಗೆ ಹಿಡಿದುಕೊಂಡು ನಿಂತಿದ್ದೆ, ಬಾಯಿ ಬಿಡಲಿಲ್ಲ.

ಕೆಲಸ ಹೋದೀತೆಂದು ಹೆದರಿದ್ದು ಖರೆ. ಅದಕ್ಕಿಂತ ನಿನಗೇ ಹೆಚ್ಚು ಹೆದರಿದೆ. ಭಾವನಿಗೆ ವರ್ಗವಾಗಿ ನೀವು ಅತ್ತೆಯವರನ್ನೂ ಕರೆದುಕೊಂಡು ಗುಂತಕಲ್ಲಿಗೆ ಹೊರಟ ದಿನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹೇಳಿಬಿಡಬೇಕೆಂದೇ ಬಂದಿದ್ದೆ. ನೀನು ನನ್ನನ್ನು ತಬ್ಬಿಕೊಂಡು, "ನೀ ಇದ್ದದ್ದಕ್ಕ ನನ್ನ ಕೂಸು ಅಷ್ಟ ದಿವಸರ ಉಳೀತು, ಎಮಿ" ಎಂದೆ. ಗಾಡಿ ಹೋದ ಮೇಲೆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತೆನೋ ತಿಳಿಯದು. ಮರುವಾರ ಡಾಕ್ಟರಬಾಯಿಯ ಮುಂದೆ ಎಲ್ಲ ಹೇಳಿದೆ. ಅವರು ರಜಿಸ್ಟರ್ ತರಿಸಿ ಆ ಪುಟ ನೋಡಿ ಹೇಳಿದರು: "ನಲವತ್ತ ಗ್ರಾಂ ಅಂದ್ರ ಎಂಟ ಚಮಚ ಹಾಲು. ಅದಕ್ಕ ಕೂಸು ಹೋತು ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಆದ್ರ ನೀ ಇದ್ದದ್ದ ಇದ್ದಂಗ ಬರದಿದ್ರ ನಾ ಅವತ್ತ ಕಳಸ್ತಿರಲಿಲ್ಲ." ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ವಾರದಿಂದ ರಜಿಸ್ಟರಿನಲ್ಲಿ ತೂಕವನ್ನು ಗ್ರಾಂ ಲೆಕ್ಕದಲ್ಲೇ ಬರೆಯಬೇಕೆಂದು ಮಾಡಿದರು. ನನಗೆ ಅದರಿಂದ ಸಮಾಧಾನವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮುಂಜಾನೆ ಪ್ರತಿ ಕೂಸನ್ನು ತಟ್ಟೆಯಲ್ಲಿ ಮಲಗಿಸುವಾಗಲೂ ನಿನ್ನ ಕೂಸು ಕಾಲು ಒದೆಯುತ್ತದೆ.

ಇವತ್ತು ಚರ್ಚಿನಿಂದ ಬಂದ ಮೇಲೆ ಅಪ್ಪ ಅಮ್ಮ ಇಬ್ಬರಿಗೂ ಹೇಳಿದೆ. ಅಮ್ಮ ಎದ್ದು ಅಡಿಗೆಮನೆಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ. ಅಪ್ಪ, "ಲೆಕ್ಕ ಕಲಿಸಿದೆ, ಅದನ್ನ ಎಲ್ಲಿ ಮಾಡಬಾರದು ಅನ್ನೂದು ಹೇಳಲಿಲ್ಲ" ಎಂದಷ್ಟೇ ಅಂದು, ಪಾಠಕ್ಕೆ ಬಂದಿದ್ದ ಮಕ್ಕಳನ್ನು ವಾಪಸು ಕಳಿಸಿದರು. ಆಮೇಲೆ ಈ ಹಾಳೆಗಳನ್ನು ತಂದುಕೊಟ್ಟವರೂ ಅವರೇ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಬಾಣಂತನಕ್ಕೆ ಇಲ್ಲಿಗೆ ಬಾ. ನನ್ನ ಮುಖ ನೋಡಲಾಗದಿದ್ದರೆ ನಾನು ಹಾಸ್ಟೆಲಿನಲ್ಲಿ ಇರುತ್ತೇನೆ. ಭಾವನಿಗೂ ಅತ್ತೆಯವರಿಗೂ ನನ್ನ ನಮಸ್ಕಾರ. ದೇವರು ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವ ಜೀವವನ್ನೂ ಕಾಯಲಿ.

ನಿನ್ನ ತಂಗಿ,
ಎಮಿಲಿ

ತಾ.ಕ.: ಅಪ್ಪ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಒಂದು ಮಾತು ಬೇಕಂತಲೇ ಬಿಟ್ಟಿದ್ದೆ. ಆ ಶನಿವಾರ ಕೂಸಿಗೆ ಶಾಲು ಸುತ್ತುವಾಗ ನೀನು ಅದರ ಕಾಲು ಹಿಡಿದು ನನಗೆ, "ಎಮಿ, ಇದರ ಪಾದ ತಣ್ಣಗ ಹತ್ತಾಕತ್ತಾವ, ಇನ್ನೆರಡ ದಿವಸ ಇಲ್ಲೇ ಇರ್ತೀನಿ" ಎಂದಿದ್ದೆ. ನಾನು ರಜಿಸ್ಟರ್ ತೋರಿಸಿ, "ಎರಡ ಕಿಲೋ ಆಗೇತಿ, ಸುಮ್ನ ಹೋಗು" ಎಂದೆ. ಆ ದುಃಖದಲ್ಲಿ ನಿನಗೆ ಮರೆತಿರಬೇಕು. ನಾವ್ಯಾರೂ ಅರಿಯದ್ದು ಅವತ್ತು ನಿನ್ನ ಕೈಗೆ ತಿಳಿದಿತ್ತು. ಈ ಪತ್ರ ಅತ್ತೆಯವರಿಗೆ ಓದಿ ಹೇಳು. ನನ್ನ ಮಾನ ಕಾಯಲು ಹೋಗಿ ಹರಿದುಹಾಕಬೇಡ. ಹುಟ್ಟುವ ಕೂಸಿಗೆ ನೀನೇ ನೀರು ಎರೆ ಅಕ್ಕಾ.