ಡೌಟ್ ಇಲ್ಲದ ಹುಡುಗಿ

ಮಂಗಳವಾರ, ಜುಲೈ 15

ಆ ಕೆಂಪು ಗೀಟು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟ್ಯೂಷನ್ನಿಗೆ ಬರುವ ಮೂರನೇ ಕ್ಲಾಸಿನ ಕೀರ್ತನಾ ಇಂಗ್ಲಿಷ್ ಗ್ರಾಮರ್ ಟೆಸ್ಟಿನಲ್ಲಿ ನಾನು ಹೇಳಿಕೊಟ್ಟಂತೆಯೇ ಬರೆದಿದ್ದಳು. ಬರೆದದ್ದು ಸರಿಯೇ. ಆದರೆ ಅವರ ಸ್ಕೂಲಿನ ಗೈಡಿನಲ್ಲಿ ಬೇರೆ ಇದೆಯಂತೆ. ನಾಲ್ಕು ಮಾರ್ಕ್ಸ್ ಹೋಯಿತು.

ಗೇಟಿನ ಹತ್ತಿರ ಸ್ಕೂಟಿ ಆಫ್ ಮಾಡದೆಯೇ ಅವಳಮ್ಮ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಮಿಸ್. ಗೈಡಲ್ಲಿ ಇರೋದನ್ನೇ ಬೈಹಾರ್ಟ್ ಮಾಡಿಸ್ಬಿಡಿ. ಬಸವೇಶ್ವರನಗರದಲ್ಲಿ ಎಲ್ರೂ ಹಂಗೇ ಮಾಡ್ಸೋದು. ಅರ್ಥ ಎಲ್ಲಾ ಆಮೇಲೆ ತಾನಾಗೇ ಬರುತ್ತೆ."

ಜಗಳವಾಡಬಹುದಿತ್ತು. ಆಡಲಿಲ್ಲ. ತಪ್ಪೆಂದು ಗೊತ್ತಿದ್ದೂ ಗೈಡಿನ ಆ ವಾಕ್ಯವನ್ನು ಕೈಯಾರೆ ಬೋರ್ಡಿನ ಮೇಲೆ ಬರೆದೆ. ಹತ್ತು ಸಲ ಬರಿ ಅಂದೆ.

ಹೋದ ವಾರದವರೆಗೂ ಈ ಹುಡುಗಿ ಪ್ರಾಣ ತಿನ್ನುತ್ತಿದ್ದಳು. "ಯಾಕೆ ಮಿಸ್? ಅದ್ಯಾಕೆ ಹಂಗೆ?" ಒಂದೊಂದು ವಾಕ್ಯಕ್ಕೂ ಅರ್ಧ ಗಂಟೆ. ರೇಗಿಹೋಗುತ್ತಿತ್ತು ನನಗೆ. ಅನ್ನಕ್ಕಿಡುವುದು ದಿನಾ ತಡ.

ಇವತ್ತು ತಲೆಯೆತ್ತದೆ ಹತ್ತು ಸಲವೂ ಬರೆದಳು, ದುಂಡಗೆ. "ಡೌಟ್ ಇದ್ರೆ ಕೇಳು ಪುಟ್ಟಿ" ಎಂದೆ. ಕೇಳಲಿ, ಒಂದು ಸಲ ಕೇಳಲಿ ಎಂದು ಕಾದೆ.

"ಏನಿಲ್ಲ ಮಿಸ್. ಬಂತು" ಎಂದು ಪುಸ್ತಕ ಮುಚ್ಚಿದಳು.

ಪಾಠ ಬೇಗ ಮುಗಿಯಿತು. ಅನ್ನಕ್ಕೂ ಹೊತ್ತಿಗೆ ಸರಿಯಾಗಿ ಇಟ್ಟೆ. ಕುಕ್ಕರಿನಲ್ಲಿ ಇನ್ನೂ ಹಾಗೇ ಇದೆ.