ಒಂದು ಅಂಕಿ ಮುಂದೆ

ಗುರುಗ್ರಾಮ
ಗುರುವಾರ, 14 ನವೆಂಬರ್ 2024

ಪ್ರೀತಿಯ ಶಾರದಕ್ಕ,

ನಮಸ್ಕಾರ. ಹತ್ತು ದಿನಗಳಿಂದ ನಿನ್ನ ಮೆಸೇಜುಗಳಿಗೆ ಒಂದೊಂದೇ ಪದದ ಉತ್ತರ ಕೊಟ್ಟಿದ್ದೇನೆ, ಕ್ಷಮಿಸು. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಫರೀದಾಬಾದಿನ ಅರ್ಧ ಸೆಕ್ಟರ್ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಕಾಗದ, ಅದೂ ಇವತ್ತೇ ತಲುಪಿಸುವ ಕೊರಿಯರ್‌ನಲ್ಲಿ, ನಿನ್ನ ಆಫೀಸಿನ ವಿಳಾಸಕ್ಕೆ.

ಊರವರ ಬಾಗಿಲು ಅಲುಗಾಡಿಸಿ ನೋಡುವುದೇ ನನ್ನ ಕೆಲಸ ಎಂದು ಭಾವನಿಗೆ ಹೇಳಿದ್ದೆಯಲ್ಲ, ಸರಿಯಾಗಿಯೇ ಹೇಳಿದ್ದೆ. ಈ ಸಲದ ಬಾಗಿಲು ನೀನು ಹೋಗುವ ಕರೋಲ್ ಬಾಗ್ ಲ್ಯಾಬಿನ ಆಪ್; ಅದರಲ್ಲಿರುವ ರಿಪೋರ್ಟುಗಳು ಕಂಡವರ ಕೈಗೆ ಸಿಗುತ್ತವೆಯೇ ಎಂದು ಪರೀಕ್ಷಿಸಬೇಕಿತ್ತು. ಒಪ್ಪಿಗೆ ಬರೆದುಕೊಟ್ಟ ರಿಪೋರ್ಟುಗಳನ್ನಷ್ಟೇ ನಾವು ತೆರೆಯಬಹುದು. “ಅಚ್ಛಾ, ನನ್ನ ಥೈರಾಯ್ಡ್‌ನಲ್ಲಿ ಏನು ಗುಟ್ಟು?” ಎಂದು ನಕ್ಕು ನೀನು ಒಪ್ಪಿಗೆ ಬರೆದು, ಆ ರಿಪೋರ್ಟಿನ ನಂಬರ್ ಕೊಟ್ಟೆ. ನನ್ನ ಲಾಗಿನ್‌ನಲ್ಲಿ ಆ ನಂಬರ್ ಹಾಕಿದೆ. ನಿನ್ನ ರಿಪೋರ್ಟ್ ತೆರೆಯಿತು. ಬೇರೆಯವರ ಲಾಗಿನ್‌ಗೆ ಅದು ತೆರೆಯಬಾರದಿತ್ತು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಇನ್ನೊಮ್ಮೆ ಖಚಿತಪಡಿಸಿಕೊಳ್ಳುವ ಚಟಕ್ಕೆ ಕೊನೆಯ ಅಂಕಿಗೆ ಒಂದು ಸೇರಿಸಿದೆ. ಒಪ್ಪಿಗೆಯೇ ಇಲ್ಲದ ಮತ್ತೊಂದು ರಿಪೋರ್ಟ್ ತೆರೆಯಿತು.

ನಮ್ಮ ತಂಡದ ಮುಖ್ಯಸ್ಥ ಮಹಂತೇಶ್, ಸೋಮವಾರದಿಂದ ಎಲ್ಲ ಶಾಖೆಗಳಲ್ಲೂ ಆಪ್ ಶುರುವಾಗಬೇಕು, ‘ಕಡಿಮೆ ಅಪಾಯ’ ಎಂದು ಬರೆದು ಸಹಿ ಹಾಕಿ ಎಂದರು. ಹಾಗೆ ಬರೆದರೆ ಯಾರೂ ಸರಿಪಡಿಸುವುದಿಲ್ಲ ಎಂದೆ. “ಆ ಎರಡನೇ ನಂಬರಿನ ವಿಷಯ ಲ್ಯಾಬಿನವರು ಕೇಳಿದರೆ ನಿಮ್ಮ ಕೆಲಸಕ್ಕೇ ಕುತ್ತು, ಧನ್ಯಾ” ಎಂದರು. ಅದು ಬೆದರಿಕೆಯಲ್ಲ, ಕಾಳಜಿಯೇ. ಅದಕ್ಕೇ ಇಲ್ಲವೆನ್ನುವುದು ಕಷ್ಟವಾಯಿತು.

ನಿನ್ನೆ ‘ಅತಿ ಗಂಭೀರ’ ಎಂದೇ ಬರೆದುಕೊಟ್ಟೆ. ನನ್ನ ತಪ್ಪನ್ನೂ ನನ್ನ ಹೆಸರು ಹಾಕಿಯೇ ಬರೆದೆ. ಆಪ್ ಸದ್ಯಕ್ಕೆ ನಿಂತಿದೆ. ಮಂಗಳವಾರ ನನ್ನ ವಿಚಾರಣೆ. ಏನೇ ಆಗಲಿ, ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಿನ್ನ ಮಗಳು ಪೃಥ್ವಿಗೆ ಹೇಳು: “ಮಾಸಿ, ಕನ್ನಡ ಮೇ ಮತ್ ಲಿಖೋ” ಎಂಬ ಅವಳ ಅರ್ಜಿ ತಿರಸ್ಕೃತವಾಗಿದೆ, ಚಿಕ್ಕಮ್ಮ ಕನ್ನಡದಲ್ಲೇ ಬರೆಯುತ್ತಾಳೆ. ಅವಳಿಗೆ ಒಳ್ಳೆಯದಾಗಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಮಂಗಳವಾರ ಸ್ವಲ್ಪ ಜಾಸ್ತಿ.

ನಿನ್ನ
ಧನ್ಯಾ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡದ್ದು: ತಪ್ಪಾಗಿ ತೆರೆದ ರಿಪೋರ್ಟ್ ಯಾರದೋ ಅವರಿಗೆ ತಿಳಿಸಬೇಕೆಂದು ನಿಯಮವಿದೆ. ಒಬ್ಬರೇ ಒಂದೇ ಬೆಳಗ್ಗೆ ಎರಡು ಪರೀಕ್ಷೆ ಮಾಡಿಸಿದರೆ ನಂಬರುಗಳು ಅಕ್ಕಪಕ್ಕ ಬರುತ್ತವೆ. ಅದೂ ನಿನ್ನದೇ, ಅಕ್ಕ. ನಿನ್ನ ಹೆಸರು ಓದಿದೆ, ‘ಬಯಾಪ್ಸಿ’ ಎಂಬುದನ್ನು ಓದಿದೆ. ಅದರ ಕೆಳಗಿನ ಸಾಲಿಗೆ ಹೋಗದೆ ಮುಚ್ಚಿದೆ. ಆ ಸಾಲನ್ನು ನೀನೇ ಹೇಳಬೇಕು. ಶನಿವಾರ ಹನ್ನೊಂದಕ್ಕೆ ಬರುತ್ತೇನೆ. ಅಷ್ಟರೊಳಗೆ ಭಾವನನ್ನು ತರಕಾರಿಗೆ ಕಳಿಸಿರು.