ನಾನು ಹರಸಿ ಕಳುಹಿಸಿದ ಬುಲ್‌ಡೋಜರ್

ಮೃತರೆಲ್ಲರ ಒಡೆಯನೇ, ನಿನ್ನ ಸನ್ನಿಧಿಯಲ್ಲಿ ಬರೆಯುತ್ತೇನೆ. ಐರ್ಲೆಂಡಿನ ರಾಸ್‌ಕಾಮನ್, ನವೆಂಬರ್ ಎರಡು, ಸಕಲ ಮೃತರ ಸ್ಮರಣೆಯ ದಿನ.

ಎಪ್ಪತ್ತೊಂದರ ಪ್ರಾಯದಲ್ಲಿ ನಾನು ಬರೆಯುತ್ತಿರುವ ಸ್ನಾತಕೋತ್ತರ ಪ್ರಬಂಧ, ಈ ನಾಡಿನ ಪ್ರಾಚೀನ ಕೆಲ್ಟ್ ಜನರ ನಾಶವಾದ ಸಮಾಧಿಗಳನ್ನು ಕುರಿತದ್ದು. ಇಂದು ಹಳೆಯ ನಕಾಶೆಯಲ್ಲಿ ನಮ್ಮೂರ ರೈತ ಮಲಾಕಿಯ ಹೊಲದಲ್ಲಿದ್ದ ಸಮಾಧಿ ದಿಬ್ಬ ಕಣ್ಣಿಗೆ ಬಿತ್ತು. ದಿಬ್ಬದೊಳಗೆ ವಾಸಿಸುತ್ತಾರೆಂದು ಜನ ನಂಬಿದ್ದ ಕಿನ್ನರರ ಭಯದಿಂದ ಎರಡು ಸಾವಿರ ವರ್ಷ ಯಾರೂ ಅಲ್ಲಿ ಗುದ್ದಲಿ ಹಾಕಿರಲಿಲ್ಲ. ಆ ಭಯವನ್ನು ಮೌಢ್ಯವೆಂದು ಜರೆದು, ದಿಬ್ಬವನ್ನು ನೆಲಸಮ ಮಾಡಲು ಹೊರಟ ಬುಲ್‌ಡೋಜರಿಗೆ ಅಂದು ತೀರ್ಥ ಚಿಮುಕಿಸಿದ ತರುಣ ಪಾದ್ರಿ ನಾನೇ.

ಸಂಜೆ ಹೋಗಿ ಮಲಾಕಿಗೆ ತಿಳಿಸಿದೆ. ಚಹಾ ಸುರಿಯುತ್ತ ಮುದುಕ ನಕ್ಕ.

"ಬೇಡ ಬೇಡ ಅಂತ ಬಡ್ಕೊಂಡೆ, ಫಾದರ್. 'ದೇವರಿಗಿಂತ ಅವರು ದೊಡ್ಡೋರೇನೋ' ಅಂತ ಬೈದ್ರಿ. ಈಗ ಅವರ ಮೇಲೇ ಪರೀಕ್ಷೆ ಕಟ್ಟಿದ್ದೀರಾ?"

ಪ್ರಬಂಧದಲ್ಲಿ ಆ ದಿಬ್ಬದ ಮುಂದೆ ಬೆಳಿಗ್ಗೆ 'ಬೇಸಾಯಕ್ಕಾಗಿ ನಾಶ' ಎಂದು ಬರೆದಿದ್ದುದನ್ನು ಈಗಷ್ಟೇ ಹೊಡೆದುಹಾಕಿ ನನ್ನ ಹೆಸರು ಬರೆದೆ.

ಅಲ್ಲಿ ಮಲಗಿದ್ದವರನ್ನೂ, ಅವರಿಗೆ ಹೆದರಿದ ಮಲಾಕಿಯನ್ನೂ, ಹೆದರದೆ ಹೋದ ನನ್ನನ್ನೂ ಹರಸು, ತಂದೆ.